ಸೇರಿದವರು ಎರಡೇ ವರ್ಷಕ್ಕೆ ಹೋಗುತ್ತಾರೆ, ಕ್ಲಬ್ ಬೆಳೆಸುವುದು ಹೇಗೆ?

ಪ್ರಶ್ನೆ: ಬರುವ ಜುಲೈಯಿಂದ ನಾನು ನಮ್ಮ ಸೇವಾ ಕ್ಲಬ್‌ನ ಅಧ್ಯಕ್ಷೆ. ಒಂದು ಕಾಲದಲ್ಲಿ ಇಲ್ಲಿ 60 ಸದಸ್ಯರಿದ್ದರು. ಈಗ 24 ಜನ ಇದ್ದೇವೆ, ಹೆಚ್ಚಿನವರು ನಿವೃತ್ತರು. ಪ್ರತಿ ವರ್ಷ ಐದಾರು ಹೊಸಬರನ್ನು ಸೇರಿಸುತ್ತೇವೆ, ಎರಡು ವರ್ಷದೊಳಗೆ ಅವರಲ್ಲಿ ಯಾರೂ ಉಳಿದಿರುವುದಿಲ್ಲ. ಯುವಜನರು ಇತ್ತ ಬರುವುದೇ ಇಲ್ಲ. ಬದಲಾವಣೆ ಅಂದರೆ ಹಿರಿಯರು ಒಪ್ಪುವುದಿಲ್ಲ. ಹೊಸ ವೆಬ್‌ಸೈಟ್, ಇನ್‌ಸ್ಟಾಗ್ರಾಮ್ ಖಾತೆ ಮಾಡಿದರೆ ಸುಧಾರಿಸುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ವರ್ಷಕ್ಕೆ ಐದಾರು ಜನ ಸೇರುತ್ತಾರೆ ಅಂದಿರಲ್ಲ, ಅದನ್ನು ಮೊದಲು ಗಮನಿಸಿ. 24 ಜನರ ಕ್ಲಬ್‌ಗೆ ಅದು ಕಡಿಮೆ ಸಂಖ್ಯೆ ಅಲ್ಲ. ನಿಮ್ಮ ಕ್ಲಬ್‌ಗೆ ಬರುವವರು ಇದ್ದಾರೆ, ನಿಲ್ಲುವವರು ಇಲ್ಲ. ಆರು ಜನರಲ್ಲಿ ನಾಲ್ವರು ಉಳಿದಿದ್ದರೂ ಐದು ವರ್ಷಕ್ಕೆ 20 ಜನ ಜಾಸ್ತಿ ಆಗುತ್ತಿದ್ದರು. ಈ ವರ್ಷ ದೊಡ್ಡ ಸದಸ್ಯತ್ವ ಅಭಿಯಾನ ಮಾಡಿ ಹನ್ನೆರಡು ಜನರನ್ನು ತಂದರೆ, ಎರಡು ವರ್ಷದಲ್ಲಿ ಹನ್ನೆರಡು ಜನ ಹೋಗುತ್ತಾರೆ, ಅಷ್ಟೆ. ಆಮೇಲೆ ಅವರು ಹೊರಗೆ ಹೋಗಿ ಆಡುವ ಮಾತು ಇನ್ನೂ ಹನ್ನೆರಡು ಜನರನ್ನು ತಡೆಯುತ್ತದೆ.

ಹಾಗಾಗಿ ಪದಗ್ರಹಣಕ್ಕೆ ಮೊದಲೇ ಒಂದು ಕೆಲಸ ಮಾಡಿ. ಕಾರ್ಯದರ್ಶಿಯಿಂದ ಸದಸ್ಯರ ರಿಜಿಸ್ಟರ್ ತೆಗೆದುಕೊಳ್ಳಿ. ಕಳೆದ ಐದು ವರ್ಷದಲ್ಲಿ ಸೇರಿದ ಎಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಯಾವಾಗ ಸೇರಿದರು, ಯಾವಾಗ ಬಿಟ್ಟರು, ಯಾರು ಕರೆತಂದರು, ಎಷ್ಟು ವಯಸ್ಸು, ಏನು ಉದ್ಯೋಗ. ಕೊನೆಗೆ ಇನ್ನೊಂದು ಕಾಲಂ ಹಾಕಿ: ಕ್ಲಬ್‌ನಲ್ಲಿ ಇವರು ಮಾಡಿದ ಕೆಲಸ ಯಾವುದು? ಆ ಕಾಲಂ ತುಂಬಿಸುವಾಗ ನಿಮಗೆ ಕಷ್ಟವಾಗುತ್ತದೆ. ಬಹಳಷ್ಟು ಹೆಸರುಗಳ ಮುಂದೆ ಬರೆಯಲು ಏನೂ ಇರುವುದಿಲ್ಲ. ಸದಸ್ಯತ್ವದ ಕೆಲಸದಲ್ಲಿ ನಾನು ನೋಡಿದ ಕ್ಲಬ್‌ಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ಹೊಸಬರಿಗೆ ಕ್ಲಬ್ ಲಾಂಛನದ ಪಿನ್ ಸಿಕ್ಕಿತು, ಹಾರ ಸಿಕ್ಕಿತು, ವಾಟ್ಸ್‌ಆಪ್ ಗುಂಪು ಸಿಕ್ಕಿತು. ಕೆಲಸ ಮಾತ್ರ ಸಿಗಲಿಲ್ಲ.

ಆಮೇಲೆ ಬಿಟ್ಟುಹೋದವರಿಗೆ ಫೋನ್ ಮಾಡಿ. ನೀವೇ ಮಾಡಿ. ಕರೆತಂದವರಿಂದ ಮಾಡಿಸಬೇಡಿ, ಅವರ ಎದುರು ಯಾರೂ ನಿಜ ಹೇಳುವುದಿಲ್ಲ. ವಾಪಸ್ ಬನ್ನಿ ಅಂತ ಕೇಳಲೇಬೇಡಿ. "ನಮ್ಮಲ್ಲಿ ಏನು ಸರಿಯಿರಲಿಲ್ಲ, ನನಗೆ ತಿಳಿದುಕೊಳ್ಳಬೇಕು" ಅನ್ನಿ, ಸುಮ್ಮನೆ ಕೇಳಿಸಿಕೊಳ್ಳಿ. ಮೊದಲು ಬರುವ ಉತ್ತರ "ಟೈಮ್ ಇರಲಿಲ್ಲ". ಅದಕ್ಕೆ ಹೂಂ ಅಂದು ಸ್ವಲ್ಪ ಕಾಯಿರಿ. ನಿಜವಾದ ಉತ್ತರ ಅದರ ಹಿಂದೆ ಬರುತ್ತದೆ. ಸಭೆಯಲ್ಲಿ ಯಾರೂ ಮಾತಾಡಿಸಲಿಲ್ಲ. ಮೊದಲ ತಿಂಗಳೇ ಮಾರಿ ಬನ್ನಿ ಅಂತ ಟಿಕೆಟ್ ಪುಸ್ತಕ ಕೈಗೆ ಕೊಟ್ಟರು. ಸೇರುವಾಗ ಹೇಳಿದ ಖರ್ಚು ಒಂದು, ಆಮೇಲೆ ಬಂದಿದ್ದು ಇನ್ನೊಂದು. ಒಂದು ಸಲಹೆ ಕೊಟ್ಟೆ, "ಅದೆಲ್ಲ ನಾವು ಹಿಂದೆಯೇ ಮಾಡಿ ನೋಡಿದ್ದೇವೆ" ಅಂದರು. ಇಂಥ ಮಾತುಗಳನ್ನು ಹಾಗೆ ಹಾಗೆಯೇ ಬರೆದಿಟ್ಟುಕೊಳ್ಳಿ. ಹೇಳಿದವರ ಹೆಸರು ಮಾತ್ರ ಬೋರ್ಡ್ (ಕ್ಲಬ್ ಆಡಳಿತ ಮಂಡಳಿ) ಮುಂದೆ ಬರಬಾರದು.

ಇದನ್ನು ಅವಮಾನ ಅಂದುಕೊಳ್ಳುವ ಹಿರಿಯರು ಇರುತ್ತಾರೆ. ಅವರಿಗೆ ರೋಟರಿಯ ಆರಂಭದ ಕಥೆ ಹೇಳಿ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರ ಜೊತೆ ಸೇರಿ ಶುರು ಮಾಡಿದ ಆ ಕ್ಲಬ್‌ಗೆ ಆಗ ಸೇವೆಯ ಯೋಚನೆಯೇ ಇರಲಿಲ್ಲ. ಸ್ನೇಹ, ಒಬ್ಬರಿಂದ ಒಬ್ಬರಿಗೆ ವ್ಯಾಪಾರ, ಅಷ್ಟೇ ಉದ್ದೇಶ. ಮರುವರ್ಷ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸೇರಲು ಕರೆದರು. ಅವರು ಒಲ್ಲೆ ಅಂದರು. ತನ್ನ ಸದಸ್ಯರಿಗೆ ಮಾತ್ರ ಉಪಯೋಗವಾಗುವ ಕ್ಲಬ್ ಹೆಚ್ಚು ದಿನ ಬಾಳುವುದಿಲ್ಲ, ಊರಿಗೂ ಏನಾದರೂ ಮಾಡಬೇಕು ಎಂಬುದು ಅವರ ವಾದ. ಕ್ಲಬ್ ಆ ಮಾತನ್ನು ತಳ್ಳಿಹಾಕಲಿಲ್ಲ. ತನ್ನ ಉದ್ದೇಶಗಳಲ್ಲಿ ನಗರದ ಹಿತವನ್ನೂ ಸೇರಿಸಿತು. ಕಾರ್ಟರ್ ಸದಸ್ಯರಾದರು. ಅದಾದ ಮೇಲೆ ಆ ಕ್ಲಬ್ ಕೈಹಾಕಿದ ಮೊದಲ ದೊಡ್ಡ ಸಾರ್ವಜನಿಕ ಕೆಲಸ ಶಿಕಾಗೋ ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಬೇಡ ಅಂದ ಒಬ್ಬ ಮನುಷ್ಯನ ಮಾತು ಕೇಳಿಸಿಕೊಂಡಿದ್ದರಿಂದಲೇ ಅದು ಸೇವಾ ಕ್ಲಬ್ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸ ಸದಸ್ಯರ ಮೊದಲ ಮೂರು ತಿಂಗಳು. ನನ್ನ ಮಟ್ಟಿಗೆ ಸದಸ್ಯತ್ವದ ಅರ್ಧ ಕೆಲಸ ಇದೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೇರಿದ ದಿನವೇ ಅವರ ಕೈಗೆ ಒಂದು ಕೆಲಸ ಕೊಡಿ. ಅದಕ್ಕೆ ಶುರು ಇರಬೇಕು, ಕೊನೆ ಇರಬೇಕು, ಅದರಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಬೇಕು. ಅದರಲ್ಲಿ ಕೆಲವು ತೀರ್ಮಾನಗಳನ್ನು ಅವರೇ ತೆಗೆದುಕೊಳ್ಳುವಂತಿರಬೇಕು. ಕುರ್ಚಿ ಜೋಡಿಸುವುದು, ಬ್ಯಾನರ್ ಕಟ್ಟಿಸುವುದು ಇದಕ್ಕೆ ಸಾಲದು.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕ್ಲಬ್ ಕಣ್ಣಿನ ತಪಾಸಣಾ ಶಿಬಿರ ಮಾಡುತ್ತಿರಬಹುದು. ಶಿಬಿರದ ದಿನ ನೂರಾರು ಜನ ಬರುತ್ತಾರೆ. ಕೆಲವರಿಗೆ ಪೊರೆ ಇದೆ, ಆಪರೇಷನ್ ಆಗಬೇಕು ಅಂತ ಡಾಕ್ಟರ್ ಚೀಟಿ ಬರೆಯುತ್ತಾರೆ. ಫೋಟೋ ತೆಗೆಯುತ್ತೇವೆ, ವರದಿ ಕಳಿಸುತ್ತೇವೆ, ಮುಗಿಯಿತು. ಆ ಚೀಟಿ ಹಿಡಿದವರಲ್ಲಿ ಎಷ್ಟು ಜನ ಆಸ್ಪತ್ರೆಗೆ ಹೋದರು? ಹೆಚ್ಚಿನ ಕ್ಲಬ್‌ಗಳ ಬಳಿ ಉತ್ತರ ಇರುವುದಿಲ್ಲ. ಎಷ್ಟೋ ಜನ ಹೋಗುವುದಿಲ್ಲ. ಜೊತೆಗೆ ಬರುವವರಿಲ್ಲ, ಆ ದಿನದ ಕೂಲಿ ಹೋಗುತ್ತದೆ, ಆಪರೇಷನ್ ಅಂದರೆ ಭಯ, ಇನ್ನೊಂದು ಕಣ್ಣು ಕಾಣುತ್ತದಲ್ಲ ಸಾಕು ಎಂಬ ಭಾವನೆ. ನಿಮ್ಮ ಹೊಸ ಸದಸ್ಯರಿಗೆ ಈ ಪಟ್ಟಿ ಕೊಡಿ. ಎಲ್ಲರಿಗೂ ಫೋನ್ ಮಾಡಿಸಿ. ಯಾರು ಹೋಗಿಲ್ಲ, ಯಾಕೆ ಹೋಗಿಲ್ಲ ಎಂದು ಬರೆಸಿ. ವಾಹನ ಬೇಕಾದರೆ, ಜೊತೆಗೆ ಒಬ್ಬರು ಬೇಕಾದರೆ, ಅದಕ್ಕೆ ಕ್ಲಬ್‌ನಿಂದ ಇಷ್ಟು ಹಣ ಎಂದು ಮೊದಲೇ ಮಂಜೂರು ಮಾಡಿ, ಖರ್ಚಿನ ತೀರ್ಮಾನ ಅವರಿಗೇ ಬಿಡಿ. ಮೂರು ತಿಂಗಳಾದ ಮೇಲೆ ಸಭೆಯಲ್ಲಿ ಅವರಿಗೆ ಹತ್ತು ನಿಮಿಷ ಕೊಡಿ. ಹಾರ ಬೇಡ, ಪರಿಚಯ ಭಾಷಣ ಬೇಡ. ಏನಾಯಿತು ಎಂದು ಅವರು ಹೇಳಲಿ.

ಒಬ್ಬ ಅಜ್ಜಿಗೆ ತನ್ನಿಂದಾಗಿ ಕಣ್ಣು ಕಾಣುವಂತಾಯಿತು ಎಂದು ಗೊತ್ತಾದ ಮೇಲೆ ಆ ಸದಸ್ಯರು ಸುಲಭಕ್ಕೆ ಕ್ಲಬ್ ಬಿಡುವುದಿಲ್ಲ. ಶಿಬಿರದ ಗುಣಮಟ್ಟವೂ ಏರುತ್ತದೆ, ಯಾಕೆಂದರೆ ಮುಂದಿನ ಸಲ ಚೀಟಿ ಕೊಡುವಾಗಲೇ ಮನೆಯವರ ಫೋನ್ ನಂಬರ್ ಬರೆದುಕೊಳ್ಳಬೇಕು ಎಂಬ ಬುದ್ಧಿ ಬರುತ್ತದೆ.

ಶಿಬಿರ ಇಲ್ಲವೇ? ಹಳೆಯ ಯೋಜನೆಗಳ ಪಟ್ಟಿ ತೆಗೆಯಿರಿ. ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಈಗ ನಡೆಯುತ್ತಿದೆಯೇ? ಕಟ್ಟಿಸಿಕೊಟ್ಟ ಶೌಚಾಲಯಕ್ಕೆ ನೀರು ಬರುತ್ತಿದೆಯೇ, ಬೀಗ ಬಿದ್ದಿದೆಯೇ? ಇಬ್ಬರು ಹೊಸಬರು ಹೋಗಿ ನೋಡಿ ಬರಲಿ. ರಿಪೇರಿಗೆ ಬೇಕಾದ ಹಣದ ಅಂದಾಜನ್ನೂ ಅವರೇ ತರಲಿ. ಹಾಂ, ಇಲ್ಲಿ ಒಂದು ಮಾತು ಹೇಳಲೇಬೇಕು. ಲೆಕ್ಕಪರಿಶೋಧಕರು ಸೇರಿದ ಕೂಡಲೇ ಅವರಿಗೆ ಲೆಕ್ಕ ಬರೆಯುವ ಕೆಲಸ ಕೊಡುವ ಅಭ್ಯಾಸ ನಮ್ಮ ಕ್ಲಬ್‌ಗಳಿಗೆ ಇದೆ. ದಿನವಿಡೀ ಅದನ್ನೇ ಮಾಡಿ ದಣಿದು ಬಂದವರು ಅವರು. ನಿಮಗೆ ಏನು ಮಾಡಲು ಇಷ್ಟ ಎಂದು ಮೊದಲು ಕೇಳಿ.

ಈ ಮೂರು ತಿಂಗಳು ಜೊತೆಗೊಬ್ಬರು ಬೇಕು. ಕರೆತಂದವರೇ ಆಗಬೇಕಿಲ್ಲ. ಸೇರಿ ಒಂದೆರಡು ವರ್ಷ ಆದವರು ಒಳ್ಳೆಯ ಆಯ್ಕೆ, ಯಾಕೆಂದರೆ ಹೊಸಬರಿಗೆ ಏನು ಗೊತ್ತಿರುವುದಿಲ್ಲ ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ.

ಇನ್ನು ಸಭೆ. ಬದಲಾವಣೆ ಅಂದರೆ ಹಿರಿಯರು ಬೇಡ ಅನ್ನುವುದು ಹೆಚ್ಚಾಗಿ ಇಲ್ಲೇ. "ನಿಯಮ ಒಪ್ಪುವುದಿಲ್ಲ" ಅಂತಾರೆ. ಸಂಸ್ಥೆಗಳ ನಿಯಮಗಳು ಕ್ಲಬ್‌ಗಳಿಗಿಂತ ಬೇಗ ಬದಲಾಗಿವೆ, ಅದು ಬಹಳ ಜನರಿಗೆ ಗೊತ್ತೇ ಇಲ್ಲ. ರೋಟರಿಯನ್ನೇ ನೋಡಿ. 2016ರಲ್ಲಿ ಅದರ ನಿಯಮ ರೂಪಿಸುವ ಶಾಸನ ಸಭೆ ಕ್ಲಬ್‌ಗಳಿಗೆ ದೊಡ್ಡ ಸ್ವಾತಂತ್ರ್ಯ ಕೊಟ್ಟಿತು. ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕು. ಎದುರಾ ಎದುರು ಸೇರಬಹುದು, ಆನ್‌ಲೈನ್‌ನಲ್ಲೂ ಸೇರಬಹುದು. ಹಾಜರಾತಿಯ ನಿಯಮವನ್ನು ಕ್ಲಬ್ ತನಗೆ ತಕ್ಕಂತೆ ಸಡಿಲಿಸಿಕೊಳ್ಳಬಹುದು. ಎಂಟು ಜನ ಸಿಕ್ಕರೆ ಕ್ಲಬ್‌ನ ಅಡಿಯಲ್ಲೇ ಸ್ಯಾಟಲೈಟ್ ಕ್ಲಬ್ ಮಾಡಬಹುದು, ಅದು ಬೇರೆ ದಿನ, ಬೇರೆ ಹೊತ್ತಿನಲ್ಲಿ ಸೇರಬಹುದು. ಲಯನ್ಸ್‌ನಲ್ಲಿ ಕ್ಲಬ್ ಬ್ರಾಂಚ್ ಶುರು ಮಾಡಲು ಐದು ಸದಸ್ಯರು ಸಾಕು. ರೋಟರ‍್ಯಾಕ್ಟ್ 1968ರಲ್ಲಿ ಯುವಕರ ಕ್ಲಬ್ ಆಗಿ ಶುರುವಾಗಿತ್ತು. 2019ರ ತೀರ್ಮಾನದ ನಂತರ ಅದೂ ರೋಟರಿಯ ಸದಸ್ಯತ್ವದ ಒಂದು ಬಗೆಯಾಯಿತು, 30 ವರ್ಷದ ಮಿತಿಯನ್ನೂ ತೆಗೆದುಹಾಕಿದರು. ನಿಮ್ಮ ಸಂಸ್ಥೆಯ ಈಗಿನ ನಿಯಮಾವಳಿ, ನಿಮ್ಮ ಕ್ಲಬ್‌ನ ಬೈಲಾ (ಕ್ಲಬ್ ತಾನೇ ಮಾಡಿಕೊಂಡ ನಿಯಮಗಳು) ಎರಡನ್ನೂ ಕೂತು ಓದಿ. ಬೈಲಾದ ತಾರೀಖು ನೋಡಿ. ಎಷ್ಟೋ ಕಡೆ ಅದು ಸ್ಥಾಪಕ ಅಧ್ಯಕ್ಷರ ಕಾಲದ್ದೇ ಇರುತ್ತದೆ.

ಹಳೆಯ ಸಭೆಯನ್ನು ಮುರಿಯಬೇಡಿ ಎನ್ನುವುದು ನನ್ನ ಖಚಿತ ಸಲಹೆ. ಅದು ಎಷ್ಟೋ ಹಿರಿಯರಿಗೆ ವಾರದಲ್ಲಿ ಗೆಳೆಯರನ್ನು ನೋಡುವ ಒಂದೇ ಅವಕಾಶ. ಅದನ್ನು ಕಿತ್ತುಕೊಂಡು ಕ್ಲಬ್ ಬೆಳೆಸುವುದು ಸರಿಯಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಶುರು ಮಾಡಿ. ತಿಂಗಳಿಗೆ ಒಂದು ಸಂಜೆ ಅಥವಾ ಒಂದು ಭಾನುವಾರ ಬೆಳಗ್ಗೆ, ಸರಿಯಾಗಿ ಒಂದು ಗಂಟೆ. ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ವಂದನಾರ್ಪಣೆ ಎಲ್ಲ ಬಿಟ್ಟು ನೇರ ಕೆಲಸದ ಮಾತು. ಚಿಕ್ಕ ಮಕ್ಕಳಿರುವವರು ಮಕ್ಕಳನ್ನು ಕರೆತರಲಿ. ಪಾಳಿಯಲ್ಲಿ ದುಡಿಯುವವರು ಫೋನಿನಲ್ಲೇ ಸೇರಿಕೊಳ್ಳಲಿ. ಆರು ತಿಂಗಳ ಪ್ರಯೋಗ ಅಂತ ಹೇಳಿ ಬೋರ್ಡ್‌ನಿಂದ ಒಪ್ಪಿಗೆ ಪಡೆಯಿರಿ. ಶಾಶ್ವತ ಬದಲಾವಣೆಗೆ ಕೈ ಎತ್ತದವರು ಪ್ರಯೋಗಕ್ಕೆ ಎತ್ತುತ್ತಾರೆ.

ಹಿರಿಯರಿಗೂ ಕೆಲಸ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಮಾಜಿ ಅಧ್ಯಕ್ಷರು ಪ್ರತಿ ಸಭೆಯಲ್ಲೂ ಹಳೆಯದನ್ನೇ ಹೇಳುತ್ತಾರೆ ಅಂದರೆ, ಹೊಸದಾಗಿ ಹೇಳಲು ಅವರಿಗೆ ನಾವು ಏನೂ ಕೊಟ್ಟಿಲ್ಲ ಅಂತ ಅರ್ಥ. ಅವರಿಗೆ ಡಾಕ್ಟರ್‌ಗಳು ಗೊತ್ತು, ಅಧಿಕಾರಿಗಳು ಗೊತ್ತು, ಯಾವ ಕಚೇರಿಯಲ್ಲಿ ಯಾವ ಕಾಗದ ಬೇಕು ಅಂತ ಗೊತ್ತು. ಹೊಸಬರ ಒಂದೊಂದು ಕೆಲಸಕ್ಕೂ ಇಂಥ ಒಬ್ಬರನ್ನು ಜೊತೆ ಮಾಡಿ. ಆದರೆ ಒಂದು ಗೆರೆ ಸ್ಪಷ್ಟವಾಗಿರಲಿ: ಅವರು ದಾರಿ ತೋರಿಸಬಹುದು, ತೀರ್ಮಾನ ಹೊಸಬರದ್ದು. ಬೋರ್ಡ್‌ನಲ್ಲೂ ಸೇರಿ ಮೂರು ವರ್ಷ ಆಗದವರಿಗೆ ಎರಡು ಸ್ಥಾನ ಇಡಿ. ಸುಮ್ನೆ ಹೆಸರಿಗೆ ಕೂರಿಸುವ ಸ್ಥಾನ ಅಲ್ಲ, ಬಜೆಟ್ ಇರುವ ಸ್ಥಾನ.

ನೀವು ಅಧ್ಯಕ್ಷೆ ಆಗುತ್ತಿದ್ದೀರಿ, ಹಾಗಾಗಿ ಇದನ್ನೂ ಹೇಳಬೇಕು ಅನ್ನಿಸಿತು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ದುವಾರ್ತೆ ಎಂಬ ಊರಿನ ರೋಟರಿ ಕ್ಲಬ್ ಸದಸ್ಯರಿಲ್ಲದೆ ಸೊರಗಿತ್ತು. ಅವರು ಮೂವರು ಮಹಿಳೆಯರನ್ನು ಸೇರಿಸಿಕೊಂಡರು. ಆಗಿನ ನಿಯಮದಲ್ಲಿ ಗಂಡಸರಿಗೆ ಮಾತ್ರ ಸದಸ್ಯತ್ವ. ಮರುವರ್ಷ ಆ ಕ್ಲಬ್‌ನ ಮಾನ್ಯತೆಯನ್ನೇ ರದ್ದು ಮಾಡಿದರು. ಕ್ಲಬ್ ಕೋರ್ಟಿಗೆ ಹೋಯಿತು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮಹಿಳೆಯರನ್ನು ಹೊರಗಿಡುವಂತಿಲ್ಲ ಎಂಬ ವಾದದ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಸಿಲ್ವಿಯಾ ವಿಟ್ಲಾಕ್ ದುವಾರ್ತೆ ಕ್ಲಬ್‌ನ ಅಧ್ಯಕ್ಷೆಯಾದರು. ರೋಟರಿಯಲ್ಲಿ ಕ್ಲಬ್ ಅಧ್ಯಕ್ಷ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. 1989ರಲ್ಲಿ ರೋಟರಿ ತನ್ನ ಸಂವಿಧಾನ ತಿದ್ದಿ ಎಲ್ಲ ದೇಶಗಳಲ್ಲೂ ಮಹಿಳೆಯರಿಗೆ ಬಾಗಿಲು ತೆರೆಯಿತು. ಲಯನ್ಸ್ ಮತ್ತು ಇನ್ನೊಂದು ಸೇವಾ ಸಂಸ್ಥೆ ಕಿವಾನಿಸ್ 1987ರಲ್ಲೇ ತೆರೆದಿದ್ದವು. ಇಷ್ಟೆಲ್ಲ ಆಗಿದ್ದು ಒಂದು ಸಣ್ಣ ಕ್ಲಬ್ ತನಗೆ ಸದಸ್ಯರು ಸಾಲದು ಎಂದು ಯೋಚಿಸಿದ್ದರಿಂದ. ನಿಮ್ಮ ಕ್ಲಬ್ ಇವತ್ತು ಯಾರನ್ನು ಕರೆಯುವುದೇ ಇಲ್ಲ ಎಂದು ಹಾಗೇ ಕೂತು ಯೋಚಿಸಿ. ನರ್ಸ್, ಶಾಲಾ ಶಿಕ್ಷಕಿ, ಎಲೆಕ್ಟ್ರಿಷಿಯನ್, ಡ್ರೈವರ್ ಇವರಲ್ಲಿ ಎಷ್ಟು ಜನ ನಿಮ್ಮ ಪಟ್ಟಿಯಲ್ಲಿದ್ದಾರೆ? ನಿಯಮದಲ್ಲಿ ಇವರಿಗೆ ಅಡ್ಡಿಯಿಲ್ಲ. ನಮ್ಮ ಕಣ್ಣಿಗೆ ಅವರು ಬಿದ್ದಿಲ್ಲ, ಅಷ್ಟೆ.

ಇಂಥವರು ಬರಬೇಕಾದರೆ ದುಡ್ಡಿನ ವಿಷಯ ನೇರವಾಗಿರಬೇಕು. ವರ್ಷದ ಪೂರ್ತಿ ಖರ್ಚನ್ನು ಒಂದು ಪುಟದಲ್ಲಿ ಬರೆದು ಸೇರುವ ಮೊದಲೇ ಕೊಡಿ. ಸಂಸ್ಥೆಗೆ ಹೋಗುವ ಶುಲ್ಕ ಎಷ್ಟು, ಕ್ಲಬ್‌ನ ಆಡಳಿತಕ್ಕೆ ಎಷ್ಟು, ಸಭೆಯ ಖರ್ಚು ಎಷ್ಟು, ಸಮಾವೇಶ ಮತ್ತು ದೇಣಿಗೆ ಕಡ್ಡಾಯವೋ ಇಷ್ಟವಿದ್ದರೆ ಮಾತ್ರವೋ. ತಿಂಗಳ ಕಂತಿನಲ್ಲಿ ಕಟ್ಟುವ ಅವಕಾಶ ಇಡಿ. ಲಯನ್ಸ್‌ನಲ್ಲಿ ಒಂದೇ ಮನೆಯ ಎರಡನೆಯ ಸದಸ್ಯರಿಗೆ ಅಂತರರಾಷ್ಟ್ರೀಯ ಶುಲ್ಕ ಅರ್ಧ, ಇಂಥ ಸೌಲಭ್ಯ ನಿಮ್ಮಲ್ಲಿ ಇದೆಯೇ ನೋಡಿ. ಸಾರ್ವಜನಿಕರಿಂದ ಸಂಗ್ರಹಿಸಿದ ಹಣ ಒಂದು ಖಾತೆ, ಆಡಳಿತದ ಹಣ ಇನ್ನೊಂದು ಖಾತೆ. ಎರಡರ ಲೆಕ್ಕವೂ ಮೂರು ತಿಂಗಳಿಗೊಮ್ಮೆ ಎಲ್ಲ ಸದಸ್ಯರ ಕೈಗೆ ಹೋಗಲಿ. ಇವತ್ತಿನ ಯುವಜನರು ಲೆಕ್ಕ ಕೇಳುತ್ತಾರೆ. ಅದನ್ನು ಅನುಮಾನ ಅಂದುಕೊಳ್ಳಬೇಡಿ, ಕಾಳಜಿ ಇದ್ದವರೇ ಕೇಳುವುದು.

ವೆಬ್‌ಸೈಟ್, ಇನ್‌ಸ್ಟಾಗ್ರಾಮ್ ಬಗ್ಗೆ ಕೇಳಿದಿರಿ. ಇರಲಿ, ಆದರೆ ಅವುಗಳಿಂದ ಶುರು ಮಾಡಬೇಡಿ. ವೇದಿಕೆಯ ಮೇಲೆ ಸಾಲಾಗಿ ನಿಂತ ಪದಾಧಿಕಾರಿಗಳ ಫೋಟೋ ನೋಡಿ ಯಾರೂ ಸೇರುವುದಿಲ್ಲ. ಕೆಲಸ ನಡೆಯುತ್ತಿರುವ ಫೋಟೋ ಹಾಕಿ, ಮುಂದಿನ ಕೆಲಸ ಯಾವತ್ತು, ಎಲ್ಲಿ, ಎಷ್ಟು ಹೊತ್ತು, ಹೊರಗಿನವರು ಬರಬಹುದೇ ಎಂದು ಬರೆಯಿರಿ. ಸಂದೇಶ ಕಳಿಸಿದವರಿಗೆ ಒಂದೇ ದಿನದಲ್ಲಿ ಉತ್ತರ ಹೋಗಬೇಕು, ಅದಕ್ಕೆ ಒಬ್ಬರನ್ನು ನೇಮಿಸಿ. ಸಹಾಯ ಪಡೆಯುವವರ ಮುಖ ತೋರಿಸುವ ಮೊದಲು ಅವರ ಒಪ್ಪಿಗೆ ಕೇಳಿ. ಒಂದು ಗಾಲಿಕುರ್ಚಿಯನ್ನು ಹತ್ತು ಜನ ಹಿಡಿದು ನಿಲ್ಲುವ ಚಿತ್ರ ನನಗೆ ನೋವು ಕೊಡುತ್ತದೆ, ಪಡೆಯುವವರ ಮುಖ ಒಮ್ಮೆ ನೋಡಿದರೆ ಯಾಕೆಂದು ತಿಳಿಯುತ್ತದೆ. ವಾಟ್ಸ್‌ಆಪ್‌ನಲ್ಲಿ ಕೆಲಸದ ಮಾತಿಗೆ ಒಂದು ಗುಂಪು, ಶುಭಾಶಯಗಳಿಗೆ ಬೇರೊಂದು ಗುಂಪು ಮಾಡಿ.

ಯಾರನ್ನಾದರೂ ಮೊದಲ ಸಲ ಕರೆಯುವಾಗ ಸಭೆಗೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. "ಶನಿವಾರ ಬೆಳಗ್ಗೆ ಎರಡು ಗಂಟೆ ಹೊತ್ತು ನಮ್ಮ ಜೊತೆ ಬರ‍್ತೀರಾ?" ಇಷ್ಟೇ. ಎರಡು ಮೂರು ಸಲ ಬಂದವರಿಗೆ ಮಾತ್ರ ಸದಸ್ಯತ್ವದ ಮಾತು ಎತ್ತಿ. ರಕ್ತದಾನ ಶಿಬಿರಕ್ಕೆ ಪ್ರತಿ ಸಲ ಬರುವ ದಾನಿಗಳು, ನಿಮ್ಮ ಯೋಜನೆ ನಡೆದ ಶಾಲೆಯ ಶಿಕ್ಷಕರು, ಹಿಂದೆ ವಿದ್ಯಾರ್ಥಿ, ಯುವಜನರ ಕ್ಲಬ್‌ಗಳಾದ ಲಿಯೋ ಅಥವಾ ಇಂಟರ‍್ಯಾಕ್ಟ್‌ನಲ್ಲಿದ್ದು ಈಗ ಕೆಲಸಕ್ಕೆ ಸೇರಿರುವವರು, ಇವರೆಲ್ಲ ಈಗಾಗಲೇ ನಿಮ್ಮ ಹತ್ತಿರವೇ ಇದ್ದಾರೆ.

ಎಲ್ಲ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮಾಡುವ ಕ್ಲಬ್‌ಗಿಂತ ಒಂದು ಕೆಲಸಕ್ಕೆ ಹೆಸರಾದ ಕ್ಲಬ್‌ಗೆ ಜನ ಸೇರುತ್ತಾರೆ. 1917ರಲ್ಲಿ ಶುರುವಾದ ಲಯನ್ಸ್‌ನ 1925ರ ಸಮಾವೇಶಕ್ಕೆ ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಬಂದು, ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಂದಿನಿಂದ ಇಂದಿನವರೆಗೂ ಲಯನ್ಸ್ ಅಂದರೆ ಜನರಿಗೆ ಕಣ್ಣಿನ ಕೆಲಸ ನೆನಪಾಗುತ್ತದೆ. ರೋಟರಿ 1985ರಲ್ಲಿ ಪೋಲಿಯೋ ಕೈಗೆತ್ತಿಕೊಂಡಿತು. 1988ರಲ್ಲಿ ಜಗತ್ತಿನ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಬರುತ್ತಿದ್ದ ರೋಗ ಅದು. ಎಲ್ಲರೂ ಸೇರಿ ದುಡಿದದ್ದರಿಂದ ಅದು 99 ಶೇಕಡಕ್ಕಿಂತ ಹೆಚ್ಚು ಕಡಿಮೆಯಾಯಿತು. ನಿಮ್ಮ ಕ್ಲಬ್‌ಗೂ ಇಂಥ ಒಂದು ಕೆಲಸ ಬೇಕು, ಸಣ್ಣದಾದರೂ ಸರಿ. ನಿಮ್ಮ ವರ್ಷ ಮುಗಿದ ಮೇಲೂ ನಡೆಯುವಂಥದ್ದು. ಪ್ರತಿ ಜುಲೈಯಲ್ಲೂ ಹೊಸ ಅಧ್ಯಕ್ಷರು ಹಿಂದಿನದನ್ನು ಬಿಟ್ಟು ಹೊಸದನ್ನು ಹಿಡಿಯುವ ಪದ್ಧತಿಯಿಂದ ನಮ್ಮ ಕ್ಲಬ್‌ಗಳಿಗೆ ಆದಷ್ಟು ನಷ್ಟ ಬೇರೆ ಯಾವುದರಿಂದಲೂ ಆಗಿಲ್ಲ. ಮುಂದಿನ ಇಬ್ಬರು ಅಧ್ಯಕ್ಷರನ್ನು ಈಗಲೇ ಕೂರಿಸಿಕೊಂಡು ಮೂರು ವರ್ಷಕ್ಕೆ ಒಂದು ಕೆಲಸ ನಿಶ್ಚಯ ಮಾಡಿ.

ಕೊನೆಯದಾಗಿ ಗುರಿಯ ಒತ್ತಡದ ಬಗ್ಗೆ. ಸಂಸ್ಥೆಯ ಮೇಲಿನವರು ಸಂಖ್ಯೆ ಕೇಳುತ್ತಾರೆ, ಕ್ಲಬ್ ವರ್ಷ ಮುಗಿಯುವ ಜೂನ್ 30ರ ಲೆಕ್ಕಕ್ಕೆ ಹೆಸರು ಬೇಕು ಅಂತಾರೆ. ಆಗ ನೆಂಟರ ಹೆಸರು ಬರೆದು ಅವರ ಶುಲ್ಕವನ್ನು ಅಧ್ಯಕ್ಷರೇ ಕಟ್ಟುವುದು ಉಂಟು. ದಯವಿಟ್ಟು ಮಾಡಬೇಡಿ. ಆ ಹೆಸರುಗಳು ಮರುವರ್ಷ ಬಿದ್ದುಹೋಗುತ್ತವೆ, ಆ ಇಳಿತದ ಲೆಕ್ಕವನ್ನು ನಿಮ್ಮ ನಂತರದವರು ಹೊರಬೇಕು. ಬದಲಿಗೆ ತಿಂಗಳ ಬೋರ್ಡ್ ಸಭೆಯಲ್ಲಿ ಒಂದೇ ಒಂದು ಸಂಖ್ಯೆ ಓದಿ: ಕಳೆದ ಎರಡು ವರ್ಷದಲ್ಲಿ ಸೇರಿದವರಲ್ಲಿ ಈ ತಿಂಗಳು ಯಾವುದಾದರೂ ಕೆಲಸದಲ್ಲಿ ಕೈಜೋಡಿಸಿದವರು ಎಷ್ಟು ಜನ? ಅದು ಅರ್ಧಕ್ಕಿಂತ ಕೆಳಗೆ ಇಳಿದ ತಿಂಗಳು ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ, ಬಾರದವರಿಗೆ ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ.